ಎರಡು ಮನೆ, ಒಂದೇ ಮಗು: ಸಿಗರೇಟಿನ ಹೊಗೆಯ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೆ,

ನಮಸ್ಕಾರ. ತಂದೆ ಒಂದು ಮನೆಯಲ್ಲಿ, ತಾಯಿ ಇನ್ನೊಂದು ಮನೆಯಲ್ಲಿ ಇರುವ ಮಕ್ಕಳ ವಿಷಯದಲ್ಲಿ ಶಾಲೆಗೆ ಮತ್ತೆ ಮತ್ತೆ ಬರುವ ದೂರೊಂದಿದೆ: "ಆ ಮನೆಯಲ್ಲಿ ಸಿಗರೇಟು ಸೇದುತ್ತಾರೆ, ಮಗು ಕೆಮ್ಮಿಕೊಂಡು ಬರುತ್ತದೆ, ನೀವೇ ಒಂದು ಮಾತು ಹೇಳಿ." ಶಾಲೆ ಯಾರ ಮನೆಯೊಳಗೂ ಇಣುಕಲಾರದು, ಯಾರ ಪರ ವಹಿಸಿಯೂ ಮಾತಾಡಲಾರದು. ಹೊಗೆ ಮನೆಯಲ್ಲಿ ಹೇಗೆ ಹರಡುತ್ತದೆ, ಯಾವ ಉಪಾಯ ಫಲಿಸುತ್ತದೆ, ಯಾವುದು ಬರೀ ಸಮಾಧಾನಕ್ಕೆ ಎಂಬುದನ್ನು ಮಾತ್ರ ಹೇಳಬಲ್ಲೆವು. ಸೇದುವವರಿಗೂ ಸೇದದವರಿಗೂ ಇದೇ ಪತ್ರ ಹೋಗುತ್ತಿದೆ.

ಕೋಣೆಯಲ್ಲಿ ತುಂಬುವ ಹೊಗೆಯ ಬಹುಪಾಲು ಸೇದಿ ಬಿಟ್ಟದ್ದಲ್ಲ, ಉರಿಯುವ ತುದಿಯಿಂದ ನೇರವಾಗಿ ಏಳುವಂಥದ್ದು. ಅದು ಫಿಲ್ಟರ್ ದಾಟಿ ಬಂದಿರುವುದಿಲ್ಲ, ಅರೆಬರೆ ಉರಿದಿರುತ್ತದೆ. ಹಾಗಾಗಿ ಸೇದುವವರ ಶ್ವಾಸಕೋಶಕ್ಕೆ ಹೋಗುವ ಹೊಗೆಗಿಂತ ಅದರಲ್ಲಿ ವಿಷ ಹೆಚ್ಚು. 7,000ಕ್ಕೂ ಮಿಕ್ಕಿದ ರಾಸಾಯನಿಕಗಳು ಅದರಲ್ಲಿವೆ. ಸುಮಾರು 70 ಕ್ಯಾನ್ಸರ್ ತರುವಂಥವು. ಬೇರೆಯವರ ಹೊಗೆಗೆ ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ) ವರದಿ 2006ರಲ್ಲೇ ಹೇಳಿತ್ತು. ದೊಡ್ಡವರು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಶಾಲೆಗೆ ಹೋಗುವ ಮಗು 18ರಿಂದ 25 ಸಲ. ಮಗುವಿನ ಶ್ವಾಸನಾಳವೂ ಸಣ್ಣದು, ಸ್ವಲ್ಪ ಊದಿಕೊಂಡರೂ ಉಸಿರು ಕಟ್ಟುತ್ತದೆ.

ಕೆಮ್ಮು, ಉಬ್ಬಸ ಎಲ್ಲರ ಕಣ್ಣಿಗೆ ಬೀಳುತ್ತವೆ. ತರಗತಿಯಲ್ಲಿ ನಮಗೆ ಹೆಚ್ಚು ಚಿಂತೆ ತರುವುದು ಕಿವಿ. ಹೊಗೆಯಲ್ಲಿ ಬೆಳೆಯುವ ಮಕ್ಕಳಿಗೆ ನಡುಕಿವಿಯ ಸೋಂಕು ಹೆಚ್ಚು. ಕಿವಿಯ ತಮಟೆಯ ಹಿಂದೆ ಅಂಟು ದ್ರವ ವಾರಗಟ್ಟಲೆ ನಿಂತುಬಿಡುತ್ತದೆ, ನೋವೇ ಇಲ್ಲದಿರಬಹುದು, ಆದರೆ ಮಾತು ಮಂದವಾಗಿ ಕೇಳುತ್ತದೆ. ಹಿಂದಿನ ಬೆಂಚಿನ ಮಗು ಕರೆದರೂ ತಿರುಗಿ ನೋಡುವುದಿಲ್ಲ, ಉಕ್ತಲೇಖನದಲ್ಲಿ ಪದ ಬಿಡುತ್ತದೆ, "ಗಮನವಿಲ್ಲ" ಎಂಬ ಷರಾ ಅಂಕಪಟ್ಟಿಯಲ್ಲಿ ಬೀಳುತ್ತದೆ. ಅಂಥ ಮಗುವನ್ನು ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಇನ್ನು ಫಲಿಸದ ಉಪಾಯಗಳು. ಕಿಟಕಿ ತೆರೆದು ಸೇದಿದರೆ ಗಾಳಿ ಹಲವು ಸಲ ಹೊಗೆಯನ್ನು ಒಳಕ್ಕೇ ತಳ್ಳುತ್ತದೆ. ಹೊಗೆಯ ಹೆಚ್ಚಿನ ಪಾಲು ಕಣ್ಣಿಗೆ ಕಾಣುವುದೂ ಇಲ್ಲ; ವಾಸನೆ ಹೋಯಿತು ಅಂದುಕೊಂಡ ಮೇಲೂ ಗಂಟೆಗಟ್ಟಲೆ ಒಳಗೇ ಸುಳಿದಾಡುತ್ತದೆ. ಫ್ಯಾನು ಅದನ್ನು ಮನೆಯಿಡೀ ಹಂಚುತ್ತದೆ. ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸೇದಿದರೂ ಬಾಗಿಲಡಿಯ ಸಂದು ಸಾಕು, ಬಾಗಿಲು ತೆರೆದಾಗಲಂತೂ ಒಮ್ಮೆಲೇ ನುಗ್ಗುತ್ತದೆ. ಏರ್ ಪ್ಯೂರಿಫೈಯರಿನ ಹೆಪಾ ಫಿಲ್ಟರು ಕಣಗಳನ್ನು ಹಿಡಿಯುತ್ತದೆ, ಕಾರ್ಬನ್ ಮೊನಾಕ್ಸೈಡಿನಂಥ ಅನಿಲಗಳನ್ನು ಹಿಡಿಯುವುದಿಲ್ಲ. ಬಾಲ್ಕನಿ ಹೊರಗಡೆ ಅಲ್ಲ. ಬಾಗಿಲು ಅರ್ಧ ತೆರೆದಿದ್ದರೆ ಅದೂ ಮನೆಯ ಒಂದು ಕೋಣೆಯೇ. ಎಲ್ಲಕ್ಕಿಂತ ಕೆಟ್ಟದ್ದು ಕಾರು: ಜಾಗ ಚಿಕ್ಕದು, ಗಾಜು ಇಳಿಸಿದರೂ ಹೊಗೆ ಹಿಂದಿನ ಸೀಟಿಗೇ ಸುತ್ತಿ ಬರುತ್ತದೆ. ಮಗುವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಬಿಡುವಾಗ ದೊಡ್ಡವರ ಮನಸ್ಸು ಬಿಗಿಯಾಗಿರುತ್ತದೆ, ಸಿಗರೇಟು ಹಚ್ಚುವುದೂ ಆಗಲೇ. ಇ-ಸಿಗರೇಟಿನಿಂದ ಬರುವುದು ಬರೀ ನೀರಾವಿಯಲ್ಲ, ಅದರಲ್ಲೂ ನಿಕೋಟಿನ್ ಮತ್ತು ಅತಿ ಸೂಕ್ಷ್ಮ ಕಣಗಳಿವೆ. ಅದರ ದ್ರವವನ್ನು ಮಗು ಕುಡಿದರೆ ಪ್ರಾಣಕ್ಕೇ ಅಪಾಯ, ಬೀಗ ಹಾಕಿಡಿ.

"ಮಗು ಇದ್ದಾಗ ಸೇದುವುದಿಲ್ಲ, ವಾರದ ಉಳಿದ ದಿನ ನನ್ನ ಮನೆ ನನ್ನಿಷ್ಟ" ಎನ್ನುವವರಿದ್ದಾರೆ. ಸೇದದೇ ಇರುವುದಕ್ಕಿಂತ ಕಡಿಮೆಯಾದರೂ, ಮಗುವಿನ ಎದುರೇ ಸೇದುವುದಕ್ಕಿಂತ ಇದು ಖಂಡಿತ ಮೇಲು. ಆದರೆ ನಿಕೋಟಿನ್ ಪರದೆ, ಹಾಸಿಗೆ, ಸೋಫಾದ ಸ್ಪಂಜು, ಗೋಡೆ ಎಲ್ಲಕ್ಕೂ ಅಂಟಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದು ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಂದಿಗೆ ಸೇರಿ ನೈಟ್ರೊಸಮೈನ್ ಎಂಬ ಕ್ಯಾನ್ಸರ್‌ಕಾರಕಗಳಾಗುತ್ತದೆ. ಹಾಗಾಗಿ ಕಟ್ಟುಪಾಡು ಗಂಟೆಗಲ್ಲ, ಜಾಗಕ್ಕೆ ಇರಲಿ: ಮನೆ ಮತ್ತು ಕಾರಿನೊಳಗೆ ಯಾರೂ, ಯಾವ ದಿನವೂ ಸೇದುವಂತಿಲ್ಲ. ಅಜ್ಜ, ಚಿಕ್ಕಪ್ಪ, ಸ್ನೇಹಿತರು, ಹೊಸ ಸಂಗಾತಿ, ಎಲ್ಲರೂ ಇದರಲ್ಲಿ ಸೇರಿದರು. ಈ ಕಟ್ಟುಪಾಡು ಶುರುವಾದ ದಿನ ಬೂದಿಬಟ್ಟಲು ಹೊರಗೆ ಹಾಕಿ. ಪರದೆ, ಹೊದಿಕೆ, ದಿಂಬಿನ ಚೀಲ ಒಗೆದು, ಗೋಡೆ ಮತ್ತು ಬಾಗಿಲನ್ನು ಸೋಪಿನ ನೀರಿನಲ್ಲಿ ಒರೆಸಿ, ಎಸಿ ಇದ್ದರೆ ಅದರ ಫಿಲ್ಟರ್ ತೊಳೆಯಿರಿ. ತೊಳೆಯದೆ ಬಣ್ಣ ಬಳಿದರೆ ಕೆಲವೇ ತಿಂಗಳಲ್ಲಿ ಹಳದಿ ಕಲೆ ಮೇಲೆ ಬರಬಹುದು.

ಸೇದುವವರು ಬಾಗಿಲು ಮುಚ್ಚಿಕೊಂಡು ಹೊರಗೆ ಏಳೆಂಟು ಮೀಟರು ದೂರ ಹೋಗಲಿ, ಮೇಲೊಂದು ಅಂಗಿ ಹಾಕಿಕೊಂಡು ಹೋಗಿ ಬರುವಾಗ ಅದನ್ನು ಬಾಗಿಲ ಬಳಿಯೇ ಬಿಡಲಿ. ಕೊನೆಯ ದಮ್ಮಿನ ಹೊಗೆ ಉಸಿರಿನಲ್ಲಿ ಇನ್ನೂ ಸ್ವಲ್ಪ ಹೊತ್ತು ಬರುತ್ತಲೇ ಇರುತ್ತದೆ; ಕೆಲವು ನಿಮಿಷ ಹೊರಗೇ ನಿಂತು, ಒಳಗೆ ಬಂದು ಕೈ ತೊಳೆದು, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ.

ಇಲ್ಲೇ ಬೇರೆಯಾದ ಕುಟುಂಬಗಳ ನಿಜವಾದ ಕಷ್ಟ ಇರುವುದು. ಇಬ್ಬರು ದೊಡ್ಡವರಿದ್ದ ಮನೆಯಲ್ಲಿ ಒಬ್ಬರು ಹೊರಗೆ ಹೋದರೆ ಇನ್ನೊಬ್ಬರು ಮಗುವನ್ನು ನೋಡಿಕೊಳ್ಳುತ್ತಿದ್ದರು. ಈಗ ಒಬ್ಬರೇ. ನಾಲ್ಕು ವರ್ಷದ ಮಗುವನ್ನು ಬಿಟ್ಟು ಮೂರನೇ ಮಹಡಿಯಿಂದ ಇಳಿದು ಹೋಗಲಾಗದು, ಹೋಗಲೂಬಾರದು. ಅದಕ್ಕೇ ಬಚ್ಚಲುಮನೆ, ಅಡುಗೆಮನೆ ಕಿಟಕಿ. "ಹೊರಗೆ ಹೋಗಿ ಸೇದಿ" ಎಂಬ ಬುದ್ಧಿವಾದ ಇಂಥವರಿಗೆ ಉಪಯೋಗಕ್ಕೆ ಬರುವುದಿಲ್ಲ. ಉಪಯೋಗಕ್ಕೆ ಬರುವುದು ಸಿಗರೇಟಿನ ಬದಲು ನಿಕೋಟಿನ್ ಕೊಡುವ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ಪ್ಯಾಚು. ಎದ್ದ 30 ನಿಮಿಷದೊಳಗೆ ಮೊದಲ ಸಿಗರೇಟು ಸೇದುವವರಿಗೆ ಸಾಮಾನ್ಯವಾಗಿ 4 ಮಿ.ಗ್ರಾಂ. ಗಮ್, ಆಮೇಲೆ ಸೇದುವವರಿಗೆ 2 ಮಿ.ಗ್ರಾಂ. ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತವೆ; ಬಹಳ ಮಂದಿ "ನನಗಾಗಲಿಲ್ಲ" ಎಂದು ಕೈಬಿಡುವುದು ಇದರಿಂದಲೇ. ಖಾರ ಹತ್ತುವವರೆಗೆ ನಿಧಾನ ಅಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟು, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು, ಸುಮಾರು ಅರ್ಧ ಗಂಟೆ. ಗಮ್ಮಿಗೆ ಮೊದಲು 15 ನಿಮಿಷ ಕಾಫಿ, ಹಣ್ಣಿನ ರಸ ಬೇಡ. ಸಿಗರೇಟಿನಷ್ಟು ಬೇಗ ಅದು ಕೆಲಸ ಮಾಡುವುದಿಲ್ಲ, ಚಟ ಕಾಡುವ ಹೊತ್ತಿಗೆ ಮುಂಚೆಯೇ ಬಾಯಿಗೆ ಹಾಕಿಕೊಳ್ಳಿ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಲಿ. ಗಮ್ಮೂ ಪ್ಯಾಚೂ ಮಗುವಿನ ಕೈಗೆ ಸಿಗಬಾರದು, ಬಳಸಿ ಎಸೆದ ಪ್ಯಾಚಿನಲ್ಲೂ ನಿಕೋಟಿನ್ ಉಳಿದಿರುತ್ತದೆ.

ಅಸ್ತಮಾ ಇರುವ ಮಗುವಿಗೆ ಎರಡೂ ಮನೆಯಲ್ಲಿ ಒಂದೊಂದು ರಿಲೀವರ್ ಇನ್ಹೇಲರು (ಉಬ್ಬಸ ಬಂದಾಗ ಬೇಗ ಇಳಿಸುವಂಥದ್ದು), ಒಂದೊಂದು ಸ್ಪೇಸರು (ಇನ್ಹೇಲರಿಗೆ ಜೋಡಿಸುವ ಕೊಳವೆ) ಇರಬೇಕು, ಮೂರನೆಯದು ಶಾಲೆಯಲ್ಲಿ. ಒಂದೇ ಇನ್ಹೇಲರು ಚೀಲದಲ್ಲಿ ಓಡಾಡುತ್ತಿದ್ದರೆ ಬೇಕಾದ ರಾತ್ರಿ ಅದು ಇನ್ನೊಂದು ಮನೆಯಲ್ಲಿರುತ್ತದೆ. ಉಬ್ಬಸ ಬಾರದಂತೆ ದಿನಾ ತೆಗೆದುಕೊಳ್ಳುವ ಪ್ರಿವೆಂಟರ್ ಇನ್ಹೇಲರು ತಪ್ಪುವುದೂ ಮನೆ ಬದಲಾಗುವ ದಿನವೇ. ವೈದ್ಯರು ಬರೆದುಕೊಟ್ಟ ಕ್ರಮದ ಪ್ರತಿ ಎರಡೂ ಕಡೆ ಗೋಡೆಗೆ ಅಂಟಿಸಿ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ರಿಲೀವರ್ ಬೇಕಾಗುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ, ವೈದ್ಯರ ಬಳಿ ಹೋಗಬೇಕು.

ದೂರುವ ಪೋಷಕರಿಗೂ ಒಂದೆರಡು ಮಾತು. ಸೋಮವಾರದ ಕೆಮ್ಮು ಶನಿವಾರದ ಸಿಗರೇಟಿಗೆ ಸಾಕ್ಷಿಯಲ್ಲ. ನೆಗಡಿಯ ವೈರಸ್ಸು ತಗಲಿದ 1ರಿಂದ 3 ದಿನಕ್ಕೆ ಕೆಮ್ಮು ಶುರುವಾಗುತ್ತದೆ, ಅದು ಶುಕ್ರವಾರ ನಮ್ಮ ತರಗತಿಯಲ್ಲೇ ಹತ್ತಿರಬಹುದು. ಮೂತ್ರದಲ್ಲಿ ಕೋಟಿನಿನ್ (ನಿಕೋಟಿನ್ ದೇಹದೊಳಗೆ ಮಾರ್ಪಟ್ಟು ಆಗುವ ವಸ್ತು) ನೋಡುವ ಪರೀಕ್ಷೆ ಇದೆ. ಆದರೆ ಅದರ ಪ್ರಮಾಣ ಸುಮಾರು 16ರಿಂದ 20 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಮೂರ್ನಾಲ್ಕು ದಿನದ ಹಿಂದಿನ ಹೊಗೆ ಅದರಲ್ಲಿ ಕಾಣದೇ ಹೋಗಬಹುದು. ಹೊಗೆ ತಗಲಿದೆ ಎಂದಷ್ಟೇ ಅದು ಹೇಳುತ್ತದೆ, ಯಾರ ಮನೆಯಲ್ಲಿ ಎಂದಲ್ಲ. ಪರೀಕ್ಷೆ ಬೇಕೋ ಬೇಡವೋ ವೈದ್ಯರು ಹೇಳಲಿ. ಅದಕ್ಕಿಂತ ಉಪಯುಕ್ತವಾದದ್ದು ಎರಡೂ ಮನೆಯವರು ತುಂಬುವ ಒಂದೇ ಹಾಳೆ: ತಾರೀಕು, ಕೆಮ್ಮು ಅಥವಾ ಉಬ್ಬಸ ಬಂದ ಹೊತ್ತು, ಎಷ್ಟು ಪಫ್ ಕೊಟ್ಟಿರಿ, ಜ್ವರ ಇತ್ತೇ, ಆ ದಿನ ಹೊಗೆ ತಗಲಿತ್ತೇ.

ಮಗುವಿನ ಬಾಯಿಂದ ಸುದ್ದಿ ಎಳೆಯಬೇಡಿ. "ಅಪ್ಪ ಸೇದಿದ್ರಾ?", "ಅಮ್ಮನ ಮನೆಗೆ ಯಾರು ಬಂದಿದ್ರು?" ಎಂದು ಪ್ರತಿ ಸಲ ಕೇಳಿಸಿಕೊಂಡ ಮಗು ಒಂದು ಮನೆಯಲ್ಲಿ ಸುಳ್ಳು, ಇನ್ನೊಂದು ಮನೆಯಲ್ಲಿ ಮೌನ ಕಲಿಯುತ್ತದೆ. ಆಮೇಲೆ ನಿಜವಾಗಿ ಉಸಿರು ಕಟ್ಟಿದ್ದನ್ನೂ ಹೇಳುವುದಿಲ್ಲ. ಒಬ್ಬರಿಗೊಬ್ಬರು ನೇರವಾಗಿ ಬರೆಯಿರಿ, ಹಳೆಯ ಲೆಕ್ಕ ತೆಗೆಯದೆ, ಉದಾಹರಣೆಗೆ ಹೀಗೆ: "ಈ ತಿಂಗಳು ಮಗುವಿಗೆ ಎರಡು ಸಲ ಉಬ್ಬಸ ಬಂತು. ಎರಡೂ ಮನೆಯಲ್ಲಿ ಹೊಗೆ ಇರಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಇಲ್ಲಿಗೆ ಬಂದವರಿಗೂ ಹೊರಗೆ ಹೋಗಿ ಅಂತ ಹೇಳ್ತಿದ್ದೇನೆ. ಅಲ್ಲೂ ಮನೆ, ಕಾರಿನೊಳಗೆ ಯಾರೂ ಸೇದದ ಹಾಗೆ ನೋಡಿಕೊಳ್ಳೋಕೆ ಆಗುತ್ತಾ? ಇನ್ನೊಂದು ಸ್ಪೇಸರ್ ಕಳಿಸ್ತೀನಿ." ಡಾಕ್ಟರು ಹೇಳಿಲ್ಲದಿದ್ದರೆ ಆ ವಾಕ್ಯ ಬರೆಯಬೇಡಿ.

ಮಾತಿಗೆ ಬಗ್ಗದಿದ್ದರೆ ಮುಂದಿನ ಹೆಜ್ಜೆ ಮಧ್ಯಸ್ಥರು, ಆಮೇಲೆ ವಕೀಲರು. ಅಲ್ಲಿ ತೂಕ ಇರುವುದು ಮಗುವಿನ ವೈದ್ಯರ ಬರಹಕ್ಕೆ, ಶಾಲೆಯ ಅಭಿಪ್ರಾಯಕ್ಕಲ್ಲ. ಅದಕ್ಕೇ ಯಾರ ನಡತೆಯ ಬಗ್ಗೆಯೂ ನಾವು ಪತ್ರ ಕೊಡುವುದಿಲ್ಲ. ಹಾಜರಾತಿ ಮತ್ತು ಆರೋಗ್ಯ ಕೊಠಡಿಯ ದಾಖಲೆ ಬೇಕಾದರೆ ಲಿಖಿತವಾಗಿ ಕೇಳಿ. ನ್ಯಾಯಾಲಯದ ಆದೇಶ ಬೇರೆ ರೀತಿ ಹೇಳಿರದಿದ್ದರೆ ತಂದೆ-ತಾಯಿ ಇಬ್ಬರಿಗೂ ಒಂದೇ ಪ್ರತಿ ಸಿಗುತ್ತದೆ.

ಪತ್ರದ ಜೊತೆ ಮೇಲೆ ಹೇಳಿದ ಹಾಳೆಯ ಎರಡು ಪ್ರತಿ ಇಟ್ಟಿದ್ದೇವೆ, ಮನೆಗೊಂದು. ಅಸ್ತಮಾ ಇರುವ ಮಕ್ಕಳ ಪೋಷಕರು ಶಾಲೆಯಲ್ಲಿಡುವ ಇನ್ಹೇಲರಿನ ಮೇಲೆ ಹೆಸರು, ತರಗತಿ, ಅವಧಿ ಮುಗಿಯುವ ತಿಂಗಳು ಬರೆದು ಆರೋಗ್ಯ ಕೊಠಡಿಗೆ ತಾವೇ ತಂದುಕೊಡಿ, ಮಗುವಿನ ಚೀಲದಲ್ಲಿ ಕಳಿಸಬೇಡಿ.

ಇಂತಿ,
ಮುಖ್ಯೋಪಾಧ್ಯಾಯಿನಿ