ಹೆಡ್ ಬೋಲ್ಟ್, ಸ್ಟಡ್ ವಿಚಾರದಲ್ಲಿ ಮುಂದಿನ ತಿಂಗಳಿಂದ ಆಗೋ ಬದಲಾವಣೆ

ನಮ್ಮ ಎಲ್ಲಾ ಗ್ರಾಹಕರಿಗೂ ನಮಸ್ಕಾರ,

ಮುಂದಿನ ತಿಂಗಳು ಒಂದನೇ ತಾರೀಖಿಂದ ನಮ್ಮ ಹಾಸನದ ವರ್ಕ್‌ಶಾಪಲ್ಲಿ ಇಂಜಿನ್ ಹೆಡ್ (ಬ್ಲಾಕ್ ಅನ್ನೋ ಇಂಜಿನ್ನಿನ ಮುಖ್ಯ ಭಾಗದ ಮೇಲೆ ಮುಚ್ಚಳದ ಹಾಗೆ ಕೂರೋದು) ಇಳಿಸಿದ್ರೆ ಬಿಚ್ಚಿದ ಹಳೇ ಬೋಲ್ಟ್ ವಾಪಸ್ ಹಾಕಲ್ಲ, ಹೊಸ ಸೆಟ್ಟೇ ಹಾಕ್ತೀವಿ, ಕೆಲವು ಗಾಡಿಗಳಿಗೆ ಮಾತ್ರ ಬೋಲ್ಟ್ ಬದಲು ಸ್ಟಡ್ (ತಲೆ ಇಲ್ಲದ, ಎರಡೂ ತುದಿಗೆ ಥ್ರೆಡ್ ಅಂದ್ರೆ ತಿರುಪಿನ ಗೆರೆ ಇರೋ ಕಡ್ಡಿ) ಹಾಕಿಸ್ಕೊಳ್ಳಿ ಅಂತ ನಾವೇ ಹೇಳ್ತೀವಿ. ಬಿಲ್ ಜಾಸ್ತಿ ಆಗತ್ತೆ, ಆದ್ರಿಂದ ಯಾಕೆ ಅನ್ನೋದನ್ನ ಗಾಡಿ ಬಿಡೋಕ್ಕಿಂತ ಮುಂಚೆನೇ ನಿಮಗೆ ಗೊತ್ತಿರ್ಲಿ.

ಈಗಿನ ಬಹುತೇಕ ಕಾರು, ಪಿಕಪ್‌ಗಳ ಹೆಡ್ ಬೋಲ್ಟ್‌ನ ಟಾರ್ಕ್ ರೆಂಚಲ್ಲಿ (ಎಷ್ಟು ಬಲದಲ್ಲಿ ತಿರುಗಿಸ್ತೀವಿ ಅಂತ ಅಳೆಯೋ ಪಾನಾ) ಒಂದು ಅಳತೆಗೆ ಟೈಟ್ ಮಾಡಿ, ಆಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸ್ಬೇಕು, 90 ಮತ್ತೆ ಇನ್ನೊಂದು 90, ಮಾಡೆಲ್ ಮೇಲೆ ಹೋಗತ್ತೆ. ಹಾಗೆ ತಿರುಗಿಸಿದಾಗ ಬೋಲ್ಟ್ ನಿಜವಾಗ್ಲೂ ಉದ್ದ ಆಗತ್ತೆ, ಪೂರ್ತಿ ವಾಪಸ್ ಬರಲ್ಲ, ಪೆನ್ನಿನ ಸ್ಪ್ರಿಂಗ್ ಜಾಸ್ತಿ ಎಳೆದ್ರೆ ಮೊದಲಿನ ಹಾಗೆ ಕೂರಲ್ಲ ನೋಡಿ ಹಂಗೆ. ಕೆಲವು ಕಂಪನಿಗಳು ಉದ್ದ ಅಳತೆ ಒಳಗಿದ್ರೆ ಮತ್ತೆ ಹಾಕಬಹುದು ಅಂತಾವೆ, ನಾವೂ ಇಷ್ಟು ದಿನ ಅಳೆದೇ ಹಾಕ್ತಿದ್ವಿ. ಆದ್ರೆ ಅಳತೆ ಹೇಳೋದು ಉದ್ದ ಮಾತ್ರ, ಆ ಬೋಲ್ಟಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆ ಅಂತ ಹೇಳಲ್ಲ, ಮೊದಲು ಯಾರು ಎಷ್ಟು ಸಲ ಟೈಟ್ ಮಾಡಿದಾರೋ ಅದೂ ಗೊತ್ತಾಗಲ್ಲ. ಇಡೀ ಇಂಜಿನ್ ಕೆಲಸಕ್ಕೆ ಅಷ್ಟು ಖರ್ಚು ಮಾಡಿ ಬೋಲ್ಟಲ್ಲಿ ಉಳಿಸೋದು ಸರಿ ಅಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ರೆಂಚ್ ‘ಕಟ್’ ಅಂತ ಸದ್ದು ಮಾಡಿದ ತಕ್ಷಣ ಹೆಡ್ ಗಟ್ಟಿಯಾಗಿ ಕೂತಿದೆ ಅಂತ ಅಲ್ಲ. ನಾವು ಹಾಕೋ ಬಲದಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ ಬೋಲ್ಟ್ ಎಳೆಯೋಕೆ ಹೋಗತ್ತೆ, ಮಿಕ್ಕಿದ್ದೆಲ್ಲ ಬೋಲ್ಟ್ ತಲೆ ಕೆಳಗೆ ಮತ್ತೆ ಥ್ರೆಡ್ಡಲ್ಲಿ ಉಜ್ಜಾಟಕ್ಕೇ ಖರ್ಚು, ಹಾಗಾಗಿ ಥ್ರೆಡ್ ತುಕ್ಕು ಹಿಡಿದಿದ್ರೆ ರೆಂಚಲ್ಲಿ ನಂಬರ್ ಸರಿ ಬರತ್ತೆ, ಹೆಡ್ಡಿಗೂ ಬ್ಲಾಕಿಗೂ ಮಧ್ಯೆ ಸೋರದ ಹಾಗೆ ಇಡೋ ಗ್ಯಾಸ್ಕೆಟ್ ಮೇಲೆ ಬೇಕಾದಷ್ಟು ಒತ್ತಡ ಮಾತ್ರ ಬರಲ್ಲ.

ಸ್ಟಡ್ ಇಲ್ಲೇ ಉಪಯೋಗಕ್ಕೆ ಬರೋದು. ಸ್ಟಡ್‌ನ ಬ್ಲಾಕಿಗೆ ಕೈಯಲ್ಲೇ ತಿರುಗಿಸಿ ಕೂರಿಸ್ತೀವಿ, ಮೇಲಿಂದ ಹೆಡ್ ಇಳಿಸಿ ವಾಷರ್, ನಟ್ ಹಾಕಿ ಟೈಟ್ ಮಾಡ್ತೀವಿ. ತಿರುಗೋದು ಮೇಲಿನ ಸಣ್ಣ ಥ್ರೆಡ್ಡಲ್ಲಿರೋ ನಟ್ ಮಾತ್ರ, ಸ್ಟಡ್ ಹೆಚ್ಚುಕಮ್ಮಿ ನೇರವಾಗಿ ಎಳೆಸ್ಕೊಳತ್ತೆ, ತಿರುಚ್ಕೊಳ್ಳಲ್ಲ. ಬೋಲ್ಟ್ ಆದ್ರೆ ಪ್ರತಿ ಸಲ ಬ್ಲಾಕಿನ ಥ್ರೆಡ್ಡನ್ನೇ ಲೋಡಲ್ಲಿ ಉಜ್ಜತ್ತೆ, ಅಲ್ಯೂಮಿನಿಯಂ ಬ್ಲಾಕ್ ಆಗಿದ್ರೆ ಒಂದಿನ ಥ್ರೆಡ್ಡೇ ಕಿತ್ಕೊಂಡು ಬರತ್ತೆ. ಇದು ಹೊಸ ವಿದ್ಯೆ ಏನಲ್ಲ, ಹಳೇ ಮ್ಯಾಸ್ಸಿ ಟ್ರ್ಯಾಕ್ಟರ್ ಇಂಜಿನ್ ಬಿಚ್ಚಿದೋರಿಗೆ ಗೊತ್ತು, ಅದರಲ್ಲಿ ಕಂಪನಿಯಿಂದ್ಲೇ ಸ್ಟಡ್ಡು ನಟ್ಟು. ಅಂಥ ಟ್ರ್ಯಾಕ್ಟರ್‌ಗಳಲ್ಲಿ ಸ್ಟಡ್ ಚೆಕ್ ಮಾಡಿ ಚೆನ್ನಾಗಿದ್ರೆ ಅದನ್ನೇ ಬಿಟ್ಟು ನಟ್ ಮಾತ್ರ ಹೊಸದು ಹಾಕ್ತೀವಿ. ಅಮೆರಿಕದಲ್ಲಿ ಫೋರ್ಡ್ 6.0 ಲೀಟರ್ ಪವರ್ ಸ್ಟ್ರೋಕ್ ಡೀಸೆಲ್ಲಲ್ಲಿ ಹೆಡ್ ಗ್ಯಾಸ್ಕೆಟ್ ಹೋಗೋದು ಜಾಸ್ತಿ ಆದಾಗ ಅಲ್ಲಿನ ಮೆಕ್ಯಾನಿಕ್‌ಗಳು ಬೋಲ್ಟ್ ತೆಗೆದು ಸ್ಟಡ್ ಹಾಕೋದನ್ನೇ ರೂಢಿ ಮಾಡ್ಕೊಂಡ್ರು.

ಹಾಗಾದ್ರೆ ಯಾರಿಗೆ ಸ್ಟಡ್ ಬೇಕು? ಮಂಗಳೂರಿಂದ ಫುಲ್ ಲೋಡ್ ಮೀನು ತುಂಬ್ಕೊಂಡು ಶಿರಾಡಿ ಘಾಟಿ ಹತ್ತೋ ಟರ್ಬೊ ಡೀಸೆಲ್ ಪಿಕಪ್‌ಗಳಿಗೆ ಖಂಡಿತ ಹೇಳ್ತೀವಿ. 83 ಮಿ.ಮೀ. ಬೋರ್ (ಸಿಲಿಂಡರ್ ಒಳಗಿನ ಅಗಲ) ಇರೋ ಇಂಜಿನಲ್ಲಿ ಒಳಗಿನ ಒತ್ತಡ 150 ಬಾರ್ ಮುಟ್ಟಿದ್ರೆ ಒಂದೊಂದು ಸಿಲಿಂಡರೂ ಹೆಡ್ಡನ್ನ ಸುಮಾರು 8 ಟನ್ ಬಲದಲ್ಲಿ ಮೇಲಕ್ಕೆ ತಳ್ಳತ್ತೆ, 2000 ಆರ್‌ಪಿಎಂ ಇದ್ರೆ ನಿಮಿಷಕ್ಕೆ 1000 ಸಲ. ಬ್ಲಾಕ್ ಥ್ರೆಡ್ ಸವೆದಿರೋ ಅಲ್ಯೂಮಿನಿಯಂ ಇಂಜಿನ್‌ಗಳಿಗೂ ಇನ್ಸರ್ಟ್ (ತೂತೊಳಗೆ ಹೊಸ ಥ್ರೆಡ್ ಕೊಡೋ ಲೋಹದ ತುಂಡು) ಹಾಕಿ ಸ್ಟಡ್ ಕೂರಿಸೋದು ಒಳ್ಳೇದು. ಆದ್ರೆ ದಿನಾ ಆಫೀಸಿಗೆ ಹೋಗಿ ಬರೋ ಪೆಟ್ರೋಲ್ ಕಾರಿಗೆ ಬೇಡ, ನೀವೇ ಕೇಳಿದ್ರೂ ಹೊಸ ಬೋಲ್ಟ್ ಸಾಕು ಅಂತ್ಲೇ ಹೇಳ್ತೀವಿ.

ತೊಂದರೆನೂ ಹೇಳ್ಬೇಕು. ಸ್ಟಡ್ ರೇಟು ಬೋಲ್ಟ್‌ಗಿಂತ ಬಹಳ ಜಾಸ್ತಿ, ಎಲ್ಲಾ ಇಂಜಿನ್ನಿಗೂ ಸಿಗಲ್ಲ, ತರಿಸೋಕೆ ದಿನ ಹಿಡಿಯತ್ತೆ. ಸ್ಟಡ್ ಇದ್ರೆ ಹೆಡ್ಡನ್ನ ನೇರವಾಗಿ ಮೇಲಕ್ಕೇ ಎತ್ತಬೇಕು, ಬಾನೆಟ್ ಒಳಗೆ ಅಷ್ಟು ಜಾಗ ಇಲ್ಲದ ಗಾಡಿಗಳಲ್ಲಿ ಮುಂದೆ ಹೆಡ್ ಕೆಲಸ ಬಂದ್ರೆ ಇಂಜಿನ್ನೇ ಇಳಿಸ್ಬೇಕಾಗಬಹುದು, ಆಗ ಲೇಬರ್ ಜಾಸ್ತಿ. ಮತ್ತೆ ಹೆಡ್ ಬೆಂಡ್ ಆಗಿದ್ರೆ, ರೇಡಿಯೇಟರ್ ಕಟ್ಟಿಕೊಂಡಿದ್ರೆ, ಸ್ಟಡ್ ಹಾಕಿ ಏನೂ ಪ್ರಯೋಜನ ಇಲ್ಲ, ಮೊದಲು ಹೆಡ್ಡು ಬ್ಲಾಕು ಎರಡರ ಮಟ್ಟ ನೋಡಿ, ಬೇಕಿದ್ರೆ ಫೇಸಿಂಗ್ (ಮೇಲ್ಮೈ ಸಮ ಮಾಡೋದು) ಮಾಡಿಸಿ, ಬೋಲ್ಟ್ ತೂತಲ್ಲಿರೋ ಎಣ್ಣೆ ನೀರು ಪೂರ್ತಿ ತೆಗೆದೇ ಮುಂದಿನ ಕೆಲಸ. ತೂತಲ್ಲಿ ಎಣ್ಣೆ ನಿಂತಿದ್ರೆ ಟೈಟ್ ಮಾಡುವಾಗ ಬ್ಲಾಕೇ ಬಿರುಕು ಬಿಡಬಹುದು.

ಲೇತಲ್ಲಿ ಸ್ಟಡ್ ಕಡಿಸಿ ಹಾಕ್ಕೊಡಿ, ಕಮ್ಮಿಗಾಗತ್ತೆ ಅಂತ ಕೆಲವರು ಕೇಳ್ತೀರಿ, ದಯವಿಟ್ಟು ಬೇಡ. ಒಳ್ಳೇ ಸ್ಟಡ್‌ಗಳಲ್ಲಿ ಹೀಟ್ ಟ್ರೀಟ್‌ಮೆಂಟ್ (ಗಟ್ಟಿಯಾಗೋಕೆ ಕಾಯಿಸಿ ಹದ ಮಾಡೋದು) ಆದ್ಮೇಲೆ ಥ್ರೆಡ್ ರೋಲ್ ಮಾಡಿರ್ತಾರೆ, ಅಂದ್ರೆ ಕಡಿಯದೆ ಒತ್ತಿ ಮೂಡಿಸಿರ್ತಾರೆ, ಲೇತಲ್ಲಿ ಕಡಿದ ಥ್ರೆಡ್ಡಿಗೆ ಆ ಬಾಳಿಕೆ ಬರಲ್ಲ, ಕಬ್ಬಿಣ ಯಾವ ಗ್ರೇಡು ಅಂತಾನೂ ಗೊತ್ತಿರಲ್ಲ.

ಈಗಾಗ್ಲೇ ಎಸ್ಟಿಮೇಟ್ ತಗೊಂಡಿರೋರಿಗೆ ಹಳೇ ರೇಟೇ ಇರತ್ತೆ, ಬೋಲ್ಟ್ ಹೊಸದಾಗೇ ಹಾಕ್ತೀವಿ, ಆ ವ್ಯತ್ಯಾಸ ನಮ್ಮದು. ಮಿಕ್ಕಿದೋರಿಗೆ ಹೆಡ್ ಇಳಿಸಿದ ದಿನವೇ ಥ್ರೆಡ್, ಬೋಲ್ಟ್, ಹೆಡ್ ಅಳತೆ ಎಲ್ಲಾ ಫೋಟೋ ತೆಗೆದು ವಾಟ್ಸಾಪ್ ಮಾಡ್ತೀವಿ, ಬೋಲ್ಟಾ ಸ್ಟಡ್ಡಾ ಅಂತ ಎರಡಕ್ಕೂ ಬೇರೆ ಬೇರೆ ರೇಟ್ ಬರೆದು ಕೊಡ್ತೀವಿ. ನೀವು ಹೂಂ ಅಂದ್ಮೇಲೇ ಪಾರ್ಟ್ಸ್ ಆರ್ಡರ್ ಹಾಕೋದು.