ಪುಣೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ: ನೀರು ಬಿಡುವ ಸುದ್ದಿ ನದಿ ದಂಡೆಗೂ ಮುಟ್ಟಲಿ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಮಳೆಗಾಲಕ್ಕೆ ಇನ್ನೂ ಸಮಯ ಇದೆ. ಮುಠಾ ನದಿ ಈಗ ಬತ್ತಿದೆ, ಕಲ್ಲುಗಳ ನಡುವೆ ಅಲ್ಲಲ್ಲಿ ಹಸಿರು ನೀರು ನಿಂತಿದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಜುಲೈನಲ್ಲಿ ತಮಗೆ ಪುರುಸೊತ್ತು ಸಿಗುವುದಿಲ್ಲ.

ಖಡಕ್ವಾಸಲಾ ಅಣೆಕಟ್ಟಿನಿಂದ ಮುಠಾ ನದಿಗೆ ನೀರು ಬಿಡುವಾಗ ಸುದ್ದಿ ನನಗೆ ಮುಟ್ಟುತ್ತದೆ. ಮೊಬೈಲ್ ಇದೆ, ಮರಾಠಿ ಓದಲು ಬರುತ್ತದೆ, ಕ್ಯೂಸೆಕ್ ಅಂದರೆ ಏನು ಅಂತ ಗೊತ್ತು. ಆದರೆ ನಾನು ಇರುವುದು ಮೂರನೇ ಮಹಡಿಯಲ್ಲಿ. ನದಿಗೆ ಇಳಿಯುವವರಿಗೆ ಆ ಸುದ್ದಿ ಮುಟ್ಟುತ್ತಿಲ್ಲ.

ನಮ್ಮ ಕಡೆ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಜನ ಬಹಳ. ಮಳೆಗಾಲದ ನಡುವೆ ಒಂದು ದಿನ ಬಿಸಿಲು ಬಿದ್ದರೆ ಸಾಕು, ಹೆಂಗಸರು ಕೌದಿ ಹೊತ್ತು ನದಿಗೆ ಇಳಿಯುತ್ತಾರೆ. ಒದ್ದೆ ಕೌದಿ ಎಷ್ಟು ಭಾರ ಅಂದರೆ ಎರಡೂ ತುದಿಗೆ ಒಬ್ಬೊಬ್ಬರು ನಿಂತು ಹಿಂಡಬೇಕು. ಆಮೇಲೆ ನದಿಪಾತ್ರದ ಬಂಡೆಗಳ ಮೇಲೇ ಹರಡುತ್ತಾರೆ. ಯಾರೂ ಒಯ್ಯದಿರಲಿ ಅಂತ ಮಕ್ಕಳನ್ನು ಕಾವಲಿಗೆ ಕೂರಿಸಿ ಕೆಲಸಕ್ಕೆ ಹೋಗುತ್ತಾರೆ. ತಲೆಯ ಮೇಲೆ ಬಿಸಿಲು, ಕಾಲ ಬಳಿ ಮೊಣಕಾಲು ಮುಟ್ಟದ ನೀರು. ಭಯ ಪಡಲು ಅವರಿಗೆ ಕಾರಣವೇ ಕಾಣುವುದಿಲ್ಲ.

ಅಪಾಯ ಇರುವುದೇ ಅಲ್ಲಿ. ಊರಲ್ಲಿ ಬಿಸಿಲಿದ್ದರೂ ಅದೇ ಹೊತ್ತಿಗೆ ಸಹ್ಯಾದ್ರಿಯಲ್ಲಿ ಮಳೆ ಹೊಡೆಯುತ್ತಿರಬಹುದು. ನದಿಯ ಮೇಲ್ಭಾಗದ ತೇಮಘರ್, ವರಸಗಾಂವ್, ಪಾನಶೇತ್, ಖಡಕ್ವಾಸಲಾ ನಾಲ್ಕೂ ಅಣೆಕಟ್ಟು ಸೇರಿ ಸುಮಾರು 29 ಟಿಎಂಸಿ ನೀರು ಹಿಡಿಯುತ್ತವೆ. ಅದರಲ್ಲಿ ಎಲ್ಲಕ್ಕಿಂತ ಕೆಳಗಿರುವ ಖಡಕ್ವಾಸಲಾದ ಪಾಲು ಎರಡು ಟಿಎಂಸಿಯೂ ಇಲ್ಲ. ಮೇಲಿನವು ತುಂಬಿದವೆಂದರೆ ಅದು ನೀರು ಬಿಡಲೇಬೇಕು. ಸಾವಿರ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28,000 ಲೀಟರ್. 2024ರ ಜುಲೈ 25ರಂದು ಬಿಟ್ಟ ನೀರು 35,000 ಕ್ಯೂಸೆಕ್ ಮುಟ್ಟಿತ್ತು. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು ಲಕ್ಷ ಲೀಟರ್. ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಜನ ಮಲಗಿದ್ದಾಗಲೇ ಮನೆಗೆ ನೀರು ನುಗ್ಗಿತು. ಅದೇ ದಿನ ಪುಣೆಯ ಡೆಕ್ಕನ್ ಜಿಮ್ಖಾನಾ ಕಡೆ ನದಿ ಪಕ್ಕದಲ್ಲಿ ಮೂವರು ಕರೆಂಟ್ ಹೊಡೆದು ಸತ್ತರು.

ನಮ್ಮ ಜನ ಹೊಳೆಗೆ ಹೊಸಬರಲ್ಲ ಸರ್. ಇಲ್ಲಿಂದ ಹರಿದ ನೀರೇ ಭೀಮೆ ಸೇರಿ, ಉಜನಿ ದಾಟಿ ಅವರ ಊರಿಗೆ ಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಅದೇ ಭೀಮೆ ಅವರ ಹೊಲಗಳನ್ನು ಮುಳುಗಿಸಿತ್ತು. ಆದರೆ ಬಯಲುಸೀಮೆಯಲ್ಲಿ ಹೊಳೆ ನಿಧಾನ ಏರುತ್ತದೆ. ದನ ಬಿಚ್ಚಿಕೊಂಡು, ಗಂಟುಮೂಟೆ ಕಟ್ಟಿಕೊಂಡು ಹೋಗಲು ಹೊತ್ತು ಸಿಗುತ್ತದೆ. ಇಲ್ಲಿ ಅಣೆಕಟ್ಟು ಊರ ಬಾಗಿಲಲ್ಲೇ ಇದೆ. ಅಷ್ಟು ಹೊತ್ತು ಸಿಗುವುದಿಲ್ಲ ಅನ್ನುವುದನ್ನು ಅವರಿಗೆ ಯಾರೂ ಹೇಳಿಲ್ಲ.

ಬೇರೆ ಕಡೆಯೂ ಹೀಗೇ ಆಗಿದೆ. ಹಿಮಾಚಲದಲ್ಲಿ ಹಿಮ ಕರಗುವ ತಿಂಗಳುಗಳಲ್ಲಿ ಬೆಳಿಗ್ಗೆ ದಾಟಿದ ಹಳ್ಳವನ್ನು ಮಧ್ಯಾಹ್ನ ದಾಟಲು ಆಗುವುದಿಲ್ಲ. ಬಿಸಿಲೇರಿದಂತೆ ನೀರೂ ಏರುತ್ತದೆ. ಅದರ ಮೇಲೆ ಅಣೆಕಟ್ಟಿನ ನೀರೂ ಬಂದರೆ? 2014ರ ಜೂನ್ 8ರಂದು ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಿಯಾಸ್ ನದಿಯಲ್ಲಿ ಕೊಚ್ಚಿಹೋದರು. ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದು ಅವರಿಗೆ ತಿಳಿಯಲೇ ಇಲ್ಲ. ರಜೆಗೆ ಮನಾಲಿಗೆ ಹೊರಡುವ ಪುಣೆಯ ಮಕ್ಕಳಿಗೂ ಇದನ್ನು ಹೇಳಬೇಕು.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ತಾವೇ. ಹಾಗಾಗಿ ತಮ್ಮನ್ನೇ ಕೇಳುತ್ತಿದ್ದೇನೆ. ಸೂಚನೆಯಲ್ಲಿ ಕ್ಯೂಸೆಕ್ ಜೊತೆಗೆ ಜಾಗದ ಹೆಸರೂ ಇರಲಿ: ಭಿಡೆ ಸೇತುವೆ ಯಾವಾಗ ಮುಳುಗುತ್ತದೆ, ಯಾವ ಮೆಟ್ಟಿಲ ತನಕ ನೀರು ಬರುತ್ತದೆ, ಎಷ್ಟು ಗಂಟೆಯೊಳಗೆ ಎದ್ದು ಹೋಗಬೇಕು. ಸೇತುವೆ ಕಂಬಗಳ ಮೇಲೆ 2024ರ ನೀರಿನ ಮಟ್ಟಕ್ಕೆ ಕೆಂಪು ಗೆರೆ ಎಳೆಸಿ. ಓದು ಬಾರದವರಿಗೂ ಅದು ತಿಳಿಯುತ್ತದೆ. ನೀರು ಬಿಡುವ ಮೊದಲು ಆಟೋಗೆ ಮೈಕ್ ಕಟ್ಟಿ ದಂಡೆಯುದ್ದಕ್ಕೂ ಮರಾಠಿ, ಹಿಂದಿ, ಕನ್ನಡದಲ್ಲಿ ಕೂಗಿಸಿ. ಪ್ರತಿ ಕಟ್ಟಡ ಕೆಲಸದ ಜಾಗಕ್ಕೂ ಒಬ್ಬ ಮುಕಾದಮ, ಅಂದರೆ ಕೂಲಿಯವರ ಮೇಸ್ತ್ರಿ, ಇರುತ್ತಾನೆ. ಆ ನಂಬರುಗಳ ಪಟ್ಟಿ ಮಾಡಿಸಿ, ಮೊದಲ ಫೋನ್ ಅವನಿಗೇ ಹೋಗಲಿ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಜೀವ ಉಳಿಸುವುದು ಈ ಫೋನೇ. ಶೆಡ್ಡುಗಳಲ್ಲಿರುವ ಕೂಲಿಯವರು ಮುಕಾದಮನ ಮಾತು ಮೀರುವುದಿಲ್ಲ.

ಪ್ರವಾಸಿ ಜಾಗಗಳ ಬಗ್ಗೆ ಎರಡು ಮಾತು. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಹಿಂದೆ ಒಂದೇ ಕುಟುಂಬದ ಐವರು ಕೊಚ್ಚಿಹೋಗಿ ಸತ್ತರು. ನೀರಿನ ನಡುವೆ ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದ ಆ ವಿಡಿಯೊ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮರುವರ್ಷ ಜೂನ್ 15ರಂದು ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೇ ಕಬ್ಬಿಣದ ಸೇತುವೆ ಜನರ ಸಮೇತ ಕುಸಿದು ನಾಲ್ವರು ಸತ್ತರು. ಇಂಥ ಕಡೆ ಸುಮ್ನೆ ನಿಷೇಧದ ಬೋರ್ಡ್ ಹಾಕಿದರೆ ಸಾಲದು. ದೂರದಿಂದ ಬಂದವರು ಬೋರ್ಡ್ ನೋಡಿ ತಿರುಗಿ ಹೋಗುವುದಿಲ್ಲ ಅಲ್ವಾ? ಶನಿವಾರ, ಭಾನುವಾರ ಅಲ್ಲಿ ಸೀಟಿ ಹಿಡಿದ ಇಬ್ಬರಿರಲಿ. ಉದ್ದದ ಹಗ್ಗ, ಗಾಳಿ ತುಂಬಿದ ಟ್ಯೂಬ್ ಇರಲಿ. ಮುಳುಗುತ್ತಿರುವವರನ್ನು ಉಳಿಸಲು ಹಾರಿದವರೂ ಮುಳುಗುತ್ತಾರೆ. ಹಗ್ಗ ಕೈಗೆ ಸಿಕ್ಕರೆ ಹಾರುವ ಪ್ರಮೇಯವೇ ಬರುವುದಿಲ್ಲ. ನಿಲ್ಲಬಾರದ ಜಾಗದ ಜೊತೆಗೆ ಎಲ್ಲಿ ನಿಂತು ನೋಡಬಹುದು ಅನ್ನುವುದನ್ನೂ ತೋರಿಸಿ.

ಕನ್ನಡದ ಫಲಕ ಬರೆದುಕೊಡಲು, ಮೈಕಿನಲ್ಲಿ ಕೂಗುವ ಮಾತನ್ನು ನಮ್ಮವರ ಆಡುಮಾತಿನಲ್ಲೇ ಧ್ವನಿಮುದ್ರಿಸಿ ಕೊಡಲು ಇಲ್ಲಿನ ಕನ್ನಡಿಗರು ನಾವು ಕೆಲವರು ಸಿದ್ಧ ಇದ್ದೇವೆ. ಇದಕ್ಕೆ ದುಡ್ಡು ಬೇಡ. ಯಾವ ಘಾಟು, ಯಾವ ಸೇತುವೆ ಅಂತ ಮೇ ಮುಗಿಯುವುದರೊಳಗೆ ತಮ್ಮ ಕಚೇರಿಯಿಂದ ತಿಳಿಸಿದರೆ ಕೆಲಸ ಶುರು ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಸಿಂಹಗಡ ರಸ್ತೆಯ ಒಬ್ಬ ಕನ್ನಡಿಗ, ಪುಣೆ