ಕೈನೂಲಿನ ಚಿತ್ರದಲ್ಲಿ ಕಾಣದವರು

ಮಾನ್ಯ ಸಂಪಾದಕರೇ,

ಅಮೆರಿಕದ ಸ್ವಾತಂತ್ರ್ಯ ಘೋಷಣೆಯ 250ನೇ ವರ್ಷದ ನೆಪದಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿದ್ದಾಗಿನ ಅಲ್ಲಿಯ ಜನಜೀವನ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಯುದ್ಧ, ತೆರಿಗೆಗಳನ್ನು ಬದಿಗಿಟ್ಟು ಮನೆ, ಅಡುಗೆ, ಉಡುಪಿನ ಕಡೆ ಕಣ್ಣು ಹಾಯಿಸಿದ್ದು ಮೆಚ್ಚತಕ್ಕ ಸಂಗತಿ. ಆದರೆ ತಾವೇ ಬೆಳೆದು, ತಾವೇ ನೇಯ್ದು, ಯಾರ ಹಂಗೂ ಇಲ್ಲದೆ ಬಾಳಿದವರು ಎಂಬ ಅದರ ಒಟ್ಟು ಚಿತ್ರಣಕ್ಕೆ ಆ ಕಾಲದ ದಾಖಲೆಗಳು ಹೊಂದುವುದಿಲ್ಲ.

1767ರ ತೆರಿಗೆಗಳ ನಂತರ ಬ್ರಿಟಿಷ್ ಸರಕನ್ನು ಬಹಿಷ್ಕರಿಸಿ, ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಹೆಂಗಸರು ಪಾದ್ರಿಗಳ ಮನೆಗಳಲ್ಲಿ ಒಟ್ಟುಗೂಡಿ ನೂಲು ತೆಗೆದದ್ದು ನಿಜ. ಅದನ್ನು ನಮ್ಮ ಚರಕದ ಚಳವಳಿಗೆ ಹೋಲಿಸುವುದರಲ್ಲೂ ತಪ್ಪಿಲ್ಲ. ಆದರೆ ಉಳಿದ ಕಾಲದಲ್ಲಿ ಅವರು ಹಡಗಿನಲ್ಲಿ ಬಂದ ಬಟ್ಟೆಯನ್ನೇ ಉಡುತ್ತಿದ್ದುದರಿಂದಲ್ಲವೇ ಆ ನೂಲುವಿಕೆ ಪ್ರತಿಭಟನೆ ಎನಿಸಿಕೊಂಡಿದ್ದು? ಸತ್ತವರ ಆಸ್ತಿಪಟ್ಟಿಗಳಲ್ಲಿ ರಾಟೆಗಳು ಸಾಕಷ್ಟು ಸಿಗುತ್ತವೆ, ಮಗ್ಗಗಳು ಮಾತ್ರ ವಿರಳ. ಲಂಡನ್ನಿನಿಂದ ಬರುತ್ತಿದ್ದ ಸರಕಿನಲ್ಲಿ ಗುಜರಾತಿನ, ಕೋರಮಂಡಲ ಕರಾವಳಿಯ ಅಚ್ಚಿನ ಬಟ್ಟೆಗಳೂ ಇರುತ್ತಿದ್ದವು. ಮದರಾಸಿನ ಕೋಟೆಯಲ್ಲಿ ಗವರ್ನರ್ ಆಗಿದ್ದ ಎಲಿಹು ಯೇಲ್ 1718ರಲ್ಲಿ ಕನೆಕ್ಟಿಕಟ್‌ನ ಕಾಲೇಜೊಂದಕ್ಕೆ ಕಳಿಸಿದ ದಾನದಲ್ಲಿಯೂ ಜವಳಿಯ ಬೇಲುಗಳಿದ್ದವು. ಅವುಗಳನ್ನು ಮಾರಿ ಬಂದ ಹಣಕ್ಕಾಗಿಯೇ ಆ ಕಾಲೇಜು ಅವನ ಹೆಸರನ್ನು ಇಟ್ಟುಕೊಂಡಿತು.

ಸಾಲವಿಲ್ಲದ ಬದುಕು ಎಂಬ ಮಾತಂತೂ ಇನ್ನೂ ದೂರ. ನಾಣ್ಯಗಳ ಅಭಾವವಿದ್ದ ಆ ಊರುಗಳಲ್ಲಿ ಅಂಗಡಿಯವನ ಉದ್ರಿ ಪುಸ್ತಕವೇ ವ್ಯವಹಾರದ ಬೆನ್ನೆಲುಬಾಗಿತ್ತು. ಬೆಣ್ಣೆ, ಕಾಳು, ಒಂದು ದಿನದ ಕೂಲಿ ಎಲ್ಲವೂ ಅದರಲ್ಲಿ ಜಮೆಯಾಗುತ್ತಿದ್ದವು. ವರ್ಜೀನಿಯಾದ ದೊಡ್ಡ ಜಮೀನುದಾರರು ತಂಬಾಕನ್ನು ಲಂಡನ್ನಿನ ವರ್ತಕರಿಗೆ ಕಳಿಸುತ್ತಿದ್ದರು. ವರ್ತಕರು ಅದನ್ನು ಮಾರಿ, ಕಮಿಷನ್ ಹಿಡಿದುಕೊಂಡು, ಅವರು ಕೇಳಿದ ಕೋಟು, ಪಿಂಗಾಣಿ, ಕುರ್ಚಿಗಳನ್ನು ಅದೇ ಲೆಕ್ಕದಲ್ಲಿ ಕೊಂಡು ಕಳಿಸುತ್ತಿದ್ದರು. ನಮ್ಮ ಕಲಬುರಗಿಯ ಗಂಜಿನಲ್ಲಿ ತೊಗರಿ ಮಾಲು ಹಾಕಿ, ಹಿಂದಿನ ಬಾಕಿ ಮುರಿದುಕೊಂಡ ಮೇಲೆ ಅಡತಿ ಬರೆದುಕೊಟ್ಟ ಪಟ್ಟಿಯನ್ನು ದಿಟ್ಟಿಸುತ್ತ ನಿಂತ ರೈತನಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಜಾರ್ಜ್ ವಾಷಿಂಗ್ಟನ್ನನೂ ತನ್ನ ಲಂಡನ್ ವರ್ತಕರಾದ ರಾಬರ್ಟ್ ಕ್ಯಾರಿ ಕಂಪನಿಗೆ, ತಂಬಾಕಿಗೆ ದರ ಸಿಗುತ್ತಿಲ್ಲ, ಕಳಿಸಿದ ಸಾಮಾನು ಹಳೆಯ ಫ್ಯಾಶನ್ನಿನದು ಎಂದು ದೂರಿಕೊಂಡಿದ್ದಾನೆ. 1760ರ ದಶಕದ ಮಧ್ಯದಲ್ಲಿ ಅವನು ತಂಬಾಕು ಬಿಟ್ಟು ಗೋಧಿಯತ್ತ ಹೊರಳಿದ್ದಕ್ಕೆ ಆ ವರ್ತಕರಲ್ಲಿ ಬೆಳೆದಿದ್ದ ಸಾಲವೂ ಒಂದು ಕಾರಣ.

ಅವನ ತಂಬಾಕು ಬೆಳೆದವರು ಯಾರು ಎಂಬುದು ಲೇಖನದಲ್ಲಿ ಎಲ್ಲಿಯೂ ಬರುವುದಿಲ್ಲ. ನನ್ನ ಮುಖ್ಯ ಆಕ್ಷೇಪ ಇದೇ. ಹಡಗಿನ ಖರ್ಚು ತೀರಿಸಲು ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷ ಜೀತಕ್ಕೆ ಬರೆದುಕೊಟ್ಟ ಬಡ ಯುರೋಪಿಯನ್ನರು ಮೊದಲು ದುಡಿದರು. 1619ರಿಂದ ವರ್ಜೀನಿಯಾಕ್ಕೆ ಬರತೊಡಗಿದ ಆಫ್ರಿಕನ್ನರ ಪಾಲಿಗೆ ಆ ಜೀತ, ಕಾನೂನುಗಳು ಬಿಗಿಯಾದಂತೆ, ಮಕ್ಕಳು ಮರಿಮಕ್ಕಳವರೆಗೂ ಮುಗಿಯದ ಗುಲಾಮಗಿರಿಯಾಯಿತು. ಅವರಿಗೆ ಅಳೆದುಕೊಡುತ್ತಿದ್ದ ಪಡಿ ಸಾಮಾನ್ಯವಾಗಿ ವಾರಕ್ಕೆ ಒಂದು ಪೆಕ್, ಎಂದರೆ ಸುಮಾರು 9 ಲೀಟರ್ ಮೆಕ್ಕೆಜೋಳ. ಹಗಲೆಲ್ಲ ಹೊಲದಲ್ಲಿ ದುಡಿದವರು ಅದನ್ನು ರಾತ್ರಿ ಕೈಯಾರೆ ಕುಟ್ಟಿ, ಬೀಸಿ ಬೇಯಿಸಿಕೊಳ್ಳಬೇಕಿತ್ತು. ಕೆರೊಲಿನಾದಲ್ಲಿ ಗಿನಿ ಕಾರ್ನ್ ಎಂದು ಬೆಳೆಯುತ್ತಿದ್ದುದು ನಾವು ರೊಟ್ಟಿ ಬಡಿಯುವ ಜೋಳದ ಬಳಗದ್ದೇ. ಅದು ಅಲ್ಲಿಗೆ ಬಂದದ್ದು ಗುಲಾಮರ ವ್ಯಾಪಾರದ ಜೊತೆಗೆ.

ಶಿಕ್ಷಣದ ವಿಷಯದಲ್ಲಿಯೂ ಲೇಖನ ಅರ್ಧವನ್ನಷ್ಟೇ ಹೇಳಿದೆ. ಐವತ್ತು ಮನೆಗಳಿರುವ ಊರು ಓದು ಬರಹ ಕಲಿಸುವವರನ್ನು ನೇಮಿಸಲೇಬೇಕೆಂದು ಮ್ಯಾಸಚೂಸೆಟ್ಸ್ 1647ರಲ್ಲಿ ಮಾಡಿದ ಕಾನೂನನ್ನು ಹೊಗಳಿದ ಲೇಖಕರು, ಗುಲಾಮರಿಗೆ ಬರಹ ಕಲಿಸಿದವರಿಗೆ ನೂರು ಪೌಂಡ್ ದಂಡ ವಿಧಿಸಿದ ಸೌತ್ ಕೆರೊಲಿನಾದ 1740ರ ಕಾನೂನನ್ನೂ ಪಕ್ಕದಲ್ಲಿ ಇಡಬೇಕಿತ್ತು.

ಜೀತದಿಂದ, ಗುಲಾಮಗಿರಿಯಿಂದ ತಪ್ಪಿಸಿಕೊಂಡವರನ್ನು ಹಿಡಿದುಕೊಟ್ಟರೆ ಬಹುಮಾನ ಎಂಬ ಜಾಹೀರಾತುಗಳು ಆ ಕಾಲದ ಪತ್ರಿಕೆಗಳಲ್ಲಿ ಹೇರಳವಾಗಿವೆ. ಬೆಂಜಮಿನ್ ಫ್ರಾಂಕ್ಲಿನ್ 1729ರಲ್ಲಿ ಕೊಂಡು ನಡೆಸಿದ ಪೆನ್ಸಿಲ್ವೇನಿಯಾ ಗೆಜೆಟ್ ಕೂಡ ಇದಕ್ಕೆ ಹೊರತಲ್ಲ. ಓಡಿಹೋದವರ ವಯಸ್ಸು, ಮೈಮೇಲಿನ ಗಾಯದ ಗುರುತು, ತೊಟ್ಟ ಅಂಗಿಯ ಬಣ್ಣ, ಬಲ್ಲ ಕಸುಬು ಎಲ್ಲವೂ ಅವುಗಳಲ್ಲಿ ನಮೂದಾಗಿವೆ. ಪುರವಣಿಯ ಮುಂದಿನ ಸಂಚಿಕೆಯಲ್ಲಿ ಅಂಥ ಒಂದೆರಡನ್ನಾದರೂ ಕನ್ನಡಕ್ಕೆ ತಂದು ಪ್ರಕಟಿಸಬೇಕೆಂದು ಕೋರುತ್ತೇನೆ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ನನ್ನಂಥವರಿಗೆ ತರಗತಿಯಲ್ಲಿ ಓದಿಸಲು ಅವು ಒದಗುತ್ತವೆ.

ತಮ್ಮ ವಿಶ್ವಾಸಿ,
ಇತಿಹಾಸ ಉಪನ್ಯಾಸಕ, ಕಲಬುರಗಿ